ದ ಪೊಲೀಸ್ ನನ್ನ ಮೆಚ್ಚಿನ ಬ್ಯಾಂಡ್, ಆದ್ರೂ ಐದಕ್ಕೆ ಮೂರೂವರೆ

ಅಂಕ ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಆಮೇಲೆ ಬೈಯಲಿ. ಬ್ರಿಟನ್ನಿನ ರಾಕ್ ಬ್ಯಾಂಡ್ ದ ಪೊಲೀಸ್‌ಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ಒಂದೆರಡು ಹಾಡು ಕೇಳಿ ಬದಿಗಿಟ್ಟವನ ಮಾತು ಅಂದುಕೊಳ್ಳಬೇಡಿ. ಐದೂ ಆಲ್ಬಂ ಬಾಯಿಪಾಠ. ಯಾವ ಹಾಡಿನಲ್ಲಿ ಡ್ರಮ್ಸ್ ಎಲ್ಲಿ ಅವಸರ ಮಾಡುತ್ತದೆ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಅಷ್ಟು ಹಚ್ಚಿಕೊಂಡಿರುವುದಕ್ಕೇ ಸಿಟ್ಟೂ ಜಾಸ್ತಿ.

ಇವರ ಲೆಕ್ಕ ಚಿಕ್ಕದು. 1978ರಿಂದ 1983ರವರೆಗೆ ಐದು ಆಲ್ಬಂ, ಅಷ್ಟೇ. ಔಟ್‌ಲ್ಯಾಂಡೋಸ್ ಡಾಮೂರ್, ರೆಗಾಟಾ ಡಿ ಬ್ಲಾಂಕ್, ಝೆನ್ಯಾಟಾ ಮೊಂಡಾಟಾ, ಘೋಸ್ಟ್ ಇನ್ ದ ಮಷೀನ್, ಸಿಂಕ್ರೊನಿಸಿಟಿ. ಎಲ್ಲವನ್ನೂ ಒಂದೇ ದಿನ ಕೂತು ಕೇಳಿ ಮುಗಿಸಬಹುದು. ಹಾಗೆ ಕೇಳಿದಾಗಲೇ ಗೊತ್ತಾಗುವುದು, ಇವರ ಅತ್ಯುತ್ತಮ ಹಾಡಿಗೂ ಪಕ್ಕದಲ್ಲೇ ಇರುವ ಹಾಡಿಗೂ ಎಷ್ಟು ಅಂತರ ಅಂತ. ಒಂದು ಹಾಡು ಕೇಳಿ ಮೈ ಜುಮ್ ಅನ್ನುತ್ತದೆ, ಮುಂದಿನದು ಕೇಳಿ ಇದನ್ನು ಯಾಕಪ್ಪಾ ಹಾಕಿದರು ಅನ್ನಿಸುತ್ತದೆ. ಪ್ರತಿ ಆಲ್ಬಂನಲ್ಲೂ ಇದೇ ಕಥೆ.

1977ರ ಲಂಡನ್ ಅಂದರೆ ಪಂಕ್ ಅನ್ನುವ ಒರಟು ರಾಕ್ ಸಂಗೀತದ ಕಾಲ. ಗಿಟಾರಿನಲ್ಲಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬಾರಿಸಲು ಬಂದರೆ ಸಾಕು, ಬ್ಯಾಂಡ್ ಕಟ್ಟು ಅನ್ನುತ್ತಿದ್ದರು. ಜಾಸ್ತಿ ಚೆನ್ನಾಗಿ ನುಡಿಸುವುದೇ ಅವಮಾನ. ಅಂಥ ಕಡೆಗೆ ಬಂದವರು ಯಾರು ನೋಡಿ. ಡ್ರಮ್ಸ್‌ಗೆ ಸ್ಟೂವರ್ಟ್ ಕೋಪ್ಲಂಡ್. ಅಮೆರಿಕದವನು, ಅಪ್ಪ ಸಿಐಎ ಅಧಿಕಾರಿ, ಬೆಳೆದದ್ದು ಕೈರೋ ಮತ್ತು ಬೈರೂತ್‌ನಲ್ಲಿ. ಇದಕ್ಕೂ ಮುಂಚೆ ಕರ್ವ್ಡ್ ಏರ್ ಅನ್ನುವ ಪ್ರೊಗ್ರೆಸಿವ್ ರಾಕ್ ಬ್ಯಾಂಡಿನಲ್ಲಿದ್ದ. ಬಾಸ್ ಮತ್ತು ಹಾಡುಗಾರಿಕೆಗೆ ಸ್ಟಿಂಗ್, ನಿಜವಾದ ಹೆಸರು ಗಾರ್ಡನ್ ಸಮ್ನರ್. ನ್ಯೂಕ್ಯಾಸಲ್ ಹತ್ತಿರದ ವಾಲ್‌ಸೆಂಡ್‌ನವನು, ಶಾಲೆಯಲ್ಲಿ ಮೇಷ್ಟರಾಗಿದ್ದವನು, ಸಂಜೆ ಜಾಝ್ ಬ್ಯಾಂಡುಗಳಲ್ಲಿ ನುಡಿಸುತ್ತಿದ್ದವನು. ಗಿಟಾರ್‌ಗೆ ಮೊದಲು ಕಾರ್ಸಿಕಾದ ಹೆನ್ರಿ ಪಡೋವಾನಿ ಇದ್ದ. ಕೆಲವೇ ತಿಂಗಳಲ್ಲಿ ಅವನ ಜಾಗಕ್ಕೆ ಆಂಡಿ ಸಮ್ಮರ್ಸ್ ಬಂದ. ಸಮ್ಮರ್ಸ್ ಹುಟ್ಟಿದ್ದು 1942ರಲ್ಲಿ. ಉಳಿದಿಬ್ಬರಿಗಿಂತ ಹತ್ತಿರ ಹತ್ತಿರ ಹತ್ತು ವರ್ಷ ದೊಡ್ಡವನು. ಸಾಫ್ಟ್ ಮೆಷೀನ್ ಜೊತೆ, ಎರಿಕ್ ಬರ್ಡನ್ ಜೊತೆ ಎಲ್ಲ ನುಡಿಸಿ ಮುಗಿಸಿದ್ದ.

ಅಂದರೆ ಪಂಕ್ ಹುಡುಗರು ಯಾವುದನ್ನೆಲ್ಲ ಕಂಡರೆ ಉಗಿಯುತ್ತಿದ್ದರೋ ಅದನ್ನೆಲ್ಲ ಮಾಡಿ ಬಂದವರು ಇವರು. ವೇಷ ಮಾತ್ರ ಪಂಕ್ ವೇಷ. ಆ ಹೊಂಬಣ್ಣದ ಕೂದಲಿದೆಯಲ್ಲ, ಮೂವರಿಗೂ ಒಂದೇ ಥರ, ಅದು ಕೂಡ 1978ರಲ್ಲಿ ಒಂದು ಚೂಯಿಂಗ್ ಗಮ್ ಜಾಹೀರಾತಿಗೋಸ್ಕರ ಹಚ್ಚಿಕೊಂಡ ಬಣ್ಣ. ಆಮೇಲೆ ಅದೇ ಅವರ ಗುರುತಾಯಿತು. ಮ್ಯಾನೇಜರ್ ಯಾರು ಅಂದರೆ ಕೋಪ್ಲಂಡನ ಅಣ್ಣ ಮೈಲ್ಸ್. ಅಮೆರಿಕದಲ್ಲಿ ಕಾರ್ಯಕ್ರಮ ಗೊತ್ತು ಮಾಡುತ್ತಿದ್ದವನು ಇನ್ನೊಬ್ಬ ಅಣ್ಣ ಇಯನ್. ಮನೆಮಂದಿಯ ವ್ಯಾಪಾರ, ಪಕ್ಕಾ ಲೆಕ್ಕಾಚಾರ. ಆ ಕಾಲದ ಲಂಡನ್ ಪತ್ರಿಕೆಗಳಿಗೆ ಇವರ ಮೇಲೆ ಅನುಮಾನ ಇತ್ತು. ಇದ್ದದ್ದು ನ್ಯಾಯವೇ.

ಆದರೆ ಒಂದು ಮಾತು. ಈ ಲೆಕ್ಕಾಚಾರದಿಂದ ನನಗೆ ದೊಡ್ಡ ತೊಂದರೆ ಇಲ್ಲ. ನ್ಯೂ ವೇವ್ ಅಂತ ಕರೆಸಿಕೊಂಡ ಅರ್ಧ ಬ್ಯಾಂಡುಗಳು ಮಾಡಿದ್ದೇ ಇದು. ಪಂಕ್ ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ, ಆಮೇಲೆ ತಮಗೆ ಬೇಕಾದ್ದನ್ನು ನುಡಿಸಿದರು. ಬ್ಲಾಂಡಿ ಡಿಸ್ಕೊ ಮಾಡಿತು, ಟಾಕಿಂಗ್ ಹೆಡ್ಸ್ ಫಂಕ್ ಕಡೆಗೆ ಹೋಯಿತು. ಇವರು ಜಮೈಕಾದ ರೆಗೆ ಸಂಗೀತ ಹಿಡಿದರು. ತೊಂದರೆ ಬರುವುದು ಅಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಾಕೆ ಇಷ್ಟ ಅಂತ ಹೇಳಬೇಕು. ಎರಡನೇ ಆಲ್ಬಂನ 'ವಾಕಿಂಗ್ ಆನ್ ದ ಮೂನ್' ಹಾಕಿ, ಒಳ್ಳೆ ಹೆಡ್‌ಫೋನ್ ಇದ್ದರೆ ಇನ್ನೂ ವಾಸಿ. ಬಾಸ್ ಬರುತ್ತದೆ. ಕೆಲವೇ ಸ್ವರ, ಆಮೇಲೆ ನಿಲ್ಲುತ್ತದೆ. ಆ ನಿಂತ ಜಾಗದಲ್ಲಿ ಸಮ್ಮರ್ಸ್ ಒಂದೇ ಒಂದು ಕಾರ್ಡ್ ಬಾರಿಸಿ ಕೈ ತೆಗೆಯುತ್ತಾನೆ. ಆ ಕಾರ್ಡ್ ಎಕೋದಲ್ಲಿ ಅಲೆ ಅಲೆಯಾಗಿ ಹರಡಿಕೊಂಡು ಹೋಗುತ್ತದೆ, ಅದು ಪೂರ್ತಿ ಕರಗುವ ಮುಂಚೆ ಬಾಸ್ ಮತ್ತೆ ಅದೇ ಸ್ವರಗಳನ್ನು ಹೇಳುತ್ತದೆ. ಹಿಂದೆ ಕೋಪ್ಲಂಡನ ಹೈ-ಹ್ಯಾಟ್, ಅಂದರೆ ಜೋಡಿ ತಾಳದ ತಟ್ಟೆ, ಚಿಟಿಚಿಟಿ ಅಂತ ತನ್ನ ಪಾಡಿಗೆ ತಾನು ಏನೋ ಗುಟ್ಟು ಮಾತಾಡುತ್ತಿರುತ್ತದೆ. ಅಷ್ಟೇ. ಅದರ ಮೇಲೆ ಸ್ಟಿಂಗ್ ಧ್ವನಿ, ಎತ್ತರದಲ್ಲಿ. ಐದು ನಿಮಿಷದ ಹಾಡಿನಲ್ಲಿ ಅರ್ಧಕ್ಕರ್ಧ ಖಾಲಿ. ಇದೇ ಹಾಡು 1979ರ ಕೊನೆಗೆ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಈಗ ಯೋಚಿಸಿ, ಇಷ್ಟು ಖಾಲಿ ಇರುವ ಹಾಡನ್ನು ರೇಡಿಯೊದಲ್ಲಿ ಬಿಡುವ ಧೈರ್ಯ ಯಾರಿಗಿತ್ತು?

ನನ್ನ ಮಟ್ಟಿಗೆ ಈ ಬ್ಯಾಂಡ್ ಅಂದರೆ ಆ ಖಾಲಿ ಜಾಗ. ಮೂರೇ ಜನ, ಮೂವರಿಗೂ ಕೈ ತುಂಬ ವಿದ್ಯೆ, ಆದರೂ ಒಬ್ಬ ನುಡಿಸುವಾಗ ಇನ್ನೊಬ್ಬ ಸುಮ್ಮನಿರುತ್ತಾನೆ. ಸಮ್ಮರ್ಸ್ ಹತ್ತು ಬೆರಳಿಗೂ ಕೆಲಸ ಕೊಡಬಲ್ಲವನು, ಆದರೆ ದೊಡ್ಡ ಸೋಲೊ ಹೊಡೆಯುವುದು ಅಪರೂಪ. 'ಮೆಸೇಜ್ ಇನ್ ಎ ಬಾಟಲ್' ಶುರುವಿನ ಗಿಟಾರ್ ಕೇಳಿ. ಅದನ್ನು ನುಡಿಸಲು ಎಡಗೈ ಬೆರಳುಗಳನ್ನು ಎಷ್ಟು ದೂರ ಚಾಚಬೇಕು ಅಂತ ಗಿಟಾರ್ ಕಲಿತವರಿಗೆ ಗೊತ್ತು. ಮಾಮೂಲಿ ಕಾರ್ಡ್‌ಗೆ ಒಂಬತ್ತನೇ ಸ್ವರ ಸೇರಿಸಿ, ಒಂದೊಂದೇ ತಂತಿ ಬಿಡಿಸಿ ನುಡಿಸುತ್ತಾನೆ. ಸಂತೋಷವೂ ಅಲ್ಲ, ದುಃಖವೂ ಅಲ್ಲ, ಆ ಥರದ ಒಂದು ಬಣ್ಣ ಬರುತ್ತದೆ. ಮುಂದೆ ನಾಲ್ಕು ವರ್ಷಕ್ಕೆ 'ಎವ್ರಿ ಬ್ರೆತ್ ಯು ಟೇಕ್'ನಲ್ಲಿ ಇದೇ ಕೈ, ಇದೇ ಚಾಚು.

ಕೋಪ್ಲಂಡ್ ಬಗ್ಗೆ ಒಂದು ಪುಟ ಬರೆಯಬಹುದು. ಮಾಮೂಲಿ ರಾಕ್ ಡ್ರಮ್ಮರ್ ಮೊದಲ ಪೆಟ್ಟಿಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಹಾಕುತ್ತಾನೆ, ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಹೊಡೆಯುತ್ತಾನೆ, ಜಗತ್ತು ನಡೆಯುತ್ತಿರುತ್ತದೆ. ಜಮೈಕಾದ ಒನ್ ಡ್ರಾಪ್ ತಾಳದಲ್ಲಿ ಮೊದಲ ಪೆಟ್ಟು ಖಾಲಿ ಬಿಡುತ್ತಾರೆ, ಭಾರ ಮೂರನೆಯದಕ್ಕೆ ಬೀಳುತ್ತದೆ. ಕೋಪ್ಲಂಡ್ ಈ ಎರಡನ್ನೂ ಒಂದೇ ಹಾಡಿನಲ್ಲಿ ಅದಲು ಬದಲು ಮಾಡುತ್ತಾನೆ. ಜೊತೆಗೆ ಚಿಕ್ಕ ಚಿಕ್ಕ ಸ್ಪ್ಲ್ಯಾಶ್ ಸಿಂಬಲ್ಸ್, ಬಿಗಿಯಾಗಿ ಎಳೆದು ಕಟ್ಟಿದ ಸ್ನೇರ್, ಯಾರೂ ಕಾಯದ ಜಾಗದಲ್ಲಿ ಒಂದು ಪೆಟ್ಟು. ಬೈರೂತ್‌ನಲ್ಲಿ ಕೇಳಿ ಬೆಳೆದ ಅರಬ್ ತಾಳಗಳ ಪ್ರಭಾವ ಅಂತ ಅವನೇ ಹೇಳಿಕೊಂಡಿದ್ದಾನೆ. ಒಂದೇ ದೂರು: ಅವಸರ. ಲೈವ್ ಕೇಳಿದರೆ ಹಾಡು ಶುರುವಾದ ವೇಗಕ್ಕೂ ಮುಗಿಯುವ ವೇಗಕ್ಕೂ ಸಂಬಂಧ ಇರುವುದಿಲ್ಲ. ಸ್ಟಿಂಗ್‌ಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ, ಜಗಳದ ಅರ್ಧ ಇದೇ. ನನಗೆ ಮಾತ್ರ ಅವಸರವೇ ಇಷ್ಟ.

ಇನ್ನು ಸಿಟ್ಟಿನ ವಿಷಯ.

ಮೊದಲನೆಯದು ಆ ಉಚ್ಚಾರ. ಇಂಗ್ಲೆಂಡಿನ ಉತ್ತರದ ಹಡಗುಕಟ್ಟೆ ಊರಿನ ಬಿಳಿ ಹುಡುಗ ಜಮೈಕಾದವರ ಥರ ಬಾಯಿ ತಿರುಗಿಸಿ ಹಾಡುತ್ತಾನೆ. ಮೊದಲ ಎರಡು ಆಲ್ಬಂನಲ್ಲಿ ಇದು ವಿಪರೀತ. ಧ್ವನಿ ಅಷ್ಟು ಚೆನ್ನಾಗಿದೆ, ಎತ್ತರಕ್ಕೆ ಹೋದಾಗ ಗಾಜು ಕೊರೆದ ಹಾಗೆ ಹರಿತ, ಅದರ ಮೇಲೆ ಈ ಅನುಕರಣೆ ಯಾಕೆ? ತಾಳ ಕಲಿಯುವುದು ಬೇರೆ, ಬಾಯಿ ಅನುಕರಿಸುವುದು ಬೇರೆ ಅಲ್ವಾ. ಕೋಪ್ಲಂಡ್ ರೆಗೆ ತಾಳವನ್ನು ತೆಗೆದುಕೊಂಡು ಇನ್ನೇನೋ ಮಾಡಿದ, ಅದು ಅವನದ್ದೇ ಆಯಿತು. ಸ್ಟಿಂಗ್ ಬಾಯಿ ಕೊನೆಗೂ ಎರವಲಾಗಿಯೇ ಉಳಿಯಿತು. 'ಸೋ ಲೋನ್ಲಿ' ಹಾಡಿನ ಕಾರ್ಡ್‌ಗಳು ಬಾಬ್ ಮಾರ್ಲಿಯ 'ನೋ ವುಮನ್ ನೋ ಕ್ರೈ'ಯಿಂದ ಬಂದವು ಅಂತ ಅವನೇ ಮುಚ್ಚುಮರೆ ಇಲ್ಲದೆ ಹೇಳಿದ್ದಾನೆ. ಆ ಹಾಡು ನನಗೆ ಇಷ್ಟವೇ. ಪಲ್ಲವಿ ಬಂದ ತಕ್ಷಣ ರೆಗೆ ಬಿಟ್ಟು ಪಂಕ್ ಓಟಕ್ಕೆ ಬೀಳುವ ಆ ಜಾಗ ಕೇಳಿ ಈಗಲೂ ನಗು ಬರುತ್ತದೆ. ಆದರೆ ಅದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲೇ ಕಪ್ಪು ಹುಡುಗರ ಎಷ್ಟೊಂದು ರೆಗೆ ಬ್ಯಾಂಡುಗಳು ಇದ್ದವು, ಅವರು ಯಾರೂ ಇಷ್ಟು ದೊಡ್ಡ ಮೈದಾನಗಳಲ್ಲಿ ನುಡಿಸಲಿಲ್ಲ. ಇದು ತಲೆಯಿಂದ ಹೋಗುವುದಿಲ್ಲ.

ಎರಡನೆಯದು ಭರ್ತಿ ಸರಕು. ಮೊದಲ ಆಲ್ಬಂನಲ್ಲಿ 'ರಾಕ್ಸ್ಯಾನ್' ಇದೆ, 'ಕಾಂಟ್ ಸ್ಟ್ಯಾಂಡ್ ಲೂಸಿಂಗ್ ಯು' ಇದೆ, 'ಹೋಲ್ ಇನ್ ಮೈ ಲೈಫ್' ಇದೆ. ಕೊನೆಯ ಹತ್ತಿರ ಗಾಳಿ ತುಂಬಿದ ಬೊಂಬೆಯ ಬಗ್ಗೆ ಒಂದು ತಮಾಷೆ ಹಾಡು ಇದೆ, ಮೊದಲ ಸಲಕ್ಕೇ ನಗು ಬರಲಿಲ್ಲ. ಆದರೆ ಈ ಆಲ್ಬಂಗೆ ಮಾಫಿ. ಲೆದರ್‌ಹೆಡ್ ಊರಿನ ಸರ್ರೆ ಸೌಂಡ್ ಸ್ಟುಡಿಯೋದಲ್ಲಿ, ಮೈಲ್ಸ್ ಹತ್ತಿರ ಸಾಲ ತಂದ ಸುಮಾರು 1,500 ಪೌಂಡಿನಲ್ಲಿ, ಖಾಲಿ ಸಿಕ್ಕಾಗಲೆಲ್ಲ ಹೋಗಿ ಮಾಡಿದ ಕೆಲಸ ಅದು. 'ರಾಕ್ಸ್ಯಾನ್' ಶುರುವಿನಲ್ಲಿ ಒಂದು ಅಪಸ್ವರದ ಪಿಯಾನೊ, ಹಿಂದೆಯೇ ಒಂದು ನಗು ಕೇಳುತ್ತದಲ್ಲ, ಅದು ಸ್ಟಿಂಗ್ ಗೊತ್ತಿಲ್ಲದೆ ಪಿಯಾನೊ ಮೇಲೆ ಕೂತದ್ದು. ಹಾಗೇ ಬಿಟ್ಟರು. ನನಗೆ ಬ್ಯಾಂಡಿನ ಎಲ್ಲ ರೆಕಾರ್ಡಿಂಗ್‌ನಲ್ಲಿ ಅತಿ ಪ್ರೀತಿಯ ಎರಡು ಸೆಕೆಂಡ್ ಅದು. ಮೂವರೂ ಒಂದೇ ಕೋಣೆಯಲ್ಲಿ ಇದ್ದು ನಕ್ಕದ್ದಕ್ಕೆ ಸಾಕ್ಷಿ. ಆ ಹಾಡು 1978ರಲ್ಲಿ ಬಂದಾಗ ಓಡಲಿಲ್ಲ, ಮರುವರ್ಷ ಮತ್ತೆ ಬಿಟ್ಟಾಗ ಬ್ರಿಟನ್ನಿನಲ್ಲಿ 12ನೇ ಸ್ಥಾನಕ್ಕೆ ಬಂತು.

'ರೆಗಾಟಾ ಡಿ ಬ್ಲಾಂಕ್' ಅವರ ಅತಿ ಒಳ್ಳೆಯ ಆಲ್ಬಂ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮೇಲೆ ಹೇಳಿದ 'ವಾಕಿಂಗ್ ಆನ್ ದ ಮೂನ್', 'ಮೆಸೇಜ್ ಇನ್ ಎ ಬಾಟಲ್' ಅಲ್ಲದೆ 'ಬ್ರಿಂಗ್ ಆನ್ ದ ನೈಟ್' ಇದೆ, 'ದ ಬೆಡ್ಸ್ ಟೂ ಬಿಗ್ ವಿದೌಟ್ ಯು' ಇದೆ. ಎರಡನೆಯದರ ಬಾಸ್ ಒಂದನ್ನೇ ಕೇಳುತ್ತಾ ಕೂರಬಹುದು. ಆಲ್ಬಂನ ಹೆಸರೇ ಇರುವ ಹಾಡು ವೇದಿಕೆ ಮೇಲೆ ಸುಮ್ನೆ ಹುಟ್ಟಿದ್ದು, ಸಾಹಿತ್ಯವೇ ಇಲ್ಲ, ಅದಕ್ಕೆ ಗ್ರ್ಯಾಮಿ ಬಂತು. ಕೋಪ್ಲಂಡ್ ತಾನೇ ಹಾಡಿದ ಒಂದೆರಡು ತಮಾಷೆ ಹಾಡುಗಳೂ ಇವೆ. ಧ್ವನಿ ಚೆನ್ನಾಗಿಲ್ಲ, ಆದರೆ ಆ ಮನುಷ್ಯನಿಗೆ ಹಾಸ್ಯ ಇದೆ. ಸ್ಟಿಂಗ್‌ಗೆ ಅದು ಕಡಿಮೆ.

'ಝೆನ್ಯಾಟಾ' ಬೇಸರ ತರಿಸುವ ಆಲ್ಬಂ, ಕೆಟ್ಟದ್ದು ಅಂತಲ್ಲ. ಹಾಲೆಂಡಿನ ಹಿಲ್ವರ್ಸಮ್‌ನಲ್ಲಿ, ಕೆಲವೇ ವಾರಗಳಲ್ಲಿ, ಮುಂದಿನ ಪ್ರವಾಸದ ತಾರೀಖು ತಲೆ ಮೇಲೆ ಇಟ್ಟುಕೊಂಡು ಮಾಡಿದ್ದು. ಅವಸರ ಕೇಳಿಸುತ್ತದೆ. 'ಡ್ರಿವನ್ ಟು ಟಿಯರ್ಸ್' ಅದ್ಭುತ. 'ಡೋಂಟ್ ಸ್ಟ್ಯಾಂಡ್ ಸೋ ಕ್ಲೋಸ್ ಟು ಮಿ' ಶುರುವಿನ ಆ ಗುಡುಗಿನಂಥ ಗುಂಯ್‌ಗುಡುವಿಕೆ ಅದ್ಭುತ. ಮಿಕ್ಕ ಹಾಡುಗಳು ಒಳ್ಳೆಯ ಶುರು, ಆಮೇಲೆ ಅದೇ ಅದು ಸುತ್ತುತ್ತಾ ಕೊನೆಗೆ ಧ್ವನಿ ಕಡಿಮೆಯಾಗಿ ಮುಗಿಯುತ್ತವೆ. ಇದರಲ್ಲೇ ಸಮ್ಮರ್ಸ್ ಬರೆದ 'ಬಿಹೈಂಡ್ ಮೈ ಕ್ಯಾಮೆಲ್' ಇದೆ. ಸ್ಟಿಂಗ್‌ಗೆ ಅದನ್ನು ಕಂಡರೆ ಎಷ್ಟು ಅಸಹ್ಯ ಅಂದರೆ, ನಾನು ನುಡಿಸುವುದಿಲ್ಲ ಅಂದ, ಬಾಸ್ ಕೂಡ ಸಮ್ಮರ್ಸೇ ನುಡಿಸಬೇಕಾಯಿತು. ಟೇಪನ್ನು ಸ್ಟುಡಿಯೋ ತೋಟದಲ್ಲಿ ಹೂತುಹಾಕಿದ್ದ ಅಂತಲೂ ಕಥೆ ಇದೆ. ಕೊನೆಗೆ ಅದಕ್ಕೇ ಗ್ರ್ಯಾಮಿ ಬಂತು! ಹಾಡು ನನಗೂ ಅಷ್ಟಕ್ಕಷ್ಟೇ, ಆದರೆ ಪ್ರಶಸ್ತಿ ಬಂದದ್ದು ಕೇಳಿ ಖುಷಿಯಾಗದ ಅಭಿಮಾನಿ ಇರಲಿಕ್ಕಿಲ್ಲ.

ಅದೇ 1980ರಲ್ಲಿ ಇವರು ರಾಕ್ ಬ್ಯಾಂಡುಗಳು ಸಾಮಾನ್ಯವಾಗಿ ಹೋಗದ ಕಡೆಗೆಲ್ಲ ಹೋದರು. ಮಾರ್ಚ್‌ನಲ್ಲಿ ಬಾಂಬೆಯ ರಂಗ್ ಭವನದಲ್ಲಿ ನುಡಿಸಿದರು, ಕೈರೋಕ್ಕೂ ಹೋದರು. ಈ ವಿಷಯದಲ್ಲಿ ಪೂರ್ತಿ ಅಂಕ. ಮೈಲ್ಸ್‌ಗೆ ಅದರಲ್ಲೂ ಪ್ರಚಾರದ ಲೆಕ್ಕ ಇದ್ದೇ ಇತ್ತು, ಇರಲಿ ಬಿಡಿ, ಹೋದರಲ್ಲ.

1981ಕ್ಕೆ 'ಘೋಸ್ಟ್ ಇನ್ ದ ಮಷೀನ್'. ಇಲ್ಲಿಂದ ನನ್ನ ಜಗಳ ಜೋರಾಗುತ್ತದೆ. ಕೆರಿಬಿಯನ್ ದ್ವೀಪ ಮಾಂಟ್ಸೆರಾಟ್‌ನಲ್ಲಿ ಬೀಟಲ್ಸ್‌ನ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಕಟ್ಟಿಸಿದ ಏರ್ ಸ್ಟುಡಿಯೋ, ಹೊಸ ಪ್ರೊಡ್ಯೂಸರ್ ಹ್ಯೂ ಪ್ಯಾಜಮ್, ಸಿಂಥಸೈಸರ್, ಸ್ಟಿಂಗ್ ತಾನೇ ಊದಿದ ಸ್ಯಾಕ್ಸೊಫೋನ್ ಒಂದರ ಮೇಲೆ ಒಂದು. ಹಿಂದಿನ ಆಲ್ಬಂನಲ್ಲಿ ಉಸಿರಾಡಲು ಇದ್ದ ಜಾಗ ಹೋಗಿ ಕಾಲಿಡಲೂ ಎಡೆ ಇಲ್ಲದ ಬಸ್ಸಿನ ಹಾಗಾಯಿತು. ಮೊದಲ ಹಾಡಿನಲ್ಲೇ ನೋಡಿ, 'ಸ್ಪಿರಿಟ್ಸ್ ಇನ್ ದ ಮಟೀರಿಯಲ್ ವರ್ಲ್ಡ್'. ಸಮ್ಮರ್ಸ್ ಗಿಟಾರಿನಲ್ಲಿ ನುಡಿಸಬೇಕು ಅಂದದ್ದನ್ನು ಸ್ಟಿಂಗ್ ಕೀಬೋರ್ಡಿನಲ್ಲಿ ಬೇಕು ಅಂದ. ಕೊನೆಗೆ ಎರಡೂ ಇವೆ, ಆದರೆ ಗಿಟಾರ್ ಎಲ್ಲಿದೆ ಅಂತ ಕಿವಿಯಿಟ್ಟು ಹುಡುಕಬೇಕು. 'ಎವ್ರಿ ಲಿಟಲ್ ಥಿಂಗ್ ಶಿ ಡಸ್ ಈಸ್ ಮ್ಯಾಜಿಕ್' ಇನ್ನೂ ಸ್ವಾರಸ್ಯ. ಸ್ಟಿಂಗ್ ಬೇರೆ ಕಡೆ, ಬೇರೆಯವನ ಪಿಯಾನೊ ಜೊತೆ ಮಾಡಿಕೊಂಡು ಬಂದಿದ್ದ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಅದು. ಬ್ಯಾಂಡ್ ಏನೇ ತಿಪ್ಪರಲಾಗ ಹಾಕಿದರೂ ಡೆಮೊಗಿಂತ ಚೆನ್ನಾಗಿ ಬರಲಿಲ್ಲ. ಕೊನೆಗೆ ಡೆಮೊ ಮೇಲೆಯೇ ಕೋಪ್ಲಂಡ್ ಡ್ರಮ್ಸ್ ಬಾರಿಸಿದ. ಬ್ಯಾಂಡಿನ ಅತಿ ಉಲ್ಲಾಸದ ಹಾಡು ಯಾವುದು ಅಂದರೆ ಜನ ಇದನ್ನೇ ಹೇಳುತ್ತಾರೆ. ಅದರಲ್ಲಿ ಬ್ಯಾಂಡ್ ಅತಿಥಿ.

ಆದರೂ 'ಇನ್‌ವಿಸಿಬಲ್ ಸನ್' ಇದೇ ಆಲ್ಬಂನಲ್ಲಿದೆ. ಉತ್ತರ ಐರ್ಲೆಂಡಿನ ಗಲಭೆಗಳ ಬಗ್ಗೆ ಬರೆದದ್ದು. ಬಿಬಿಸಿ ಅದರ ವಿಡಿಯೋ ತೋರಿಸಲಿಲ್ಲ, ಆದರೂ ಎರಡನೇ ಸ್ಥಾನಕ್ಕೆ ಹೋಯಿತು. ಇಲ್ಲಿ ಮಾತ್ರ ಸಿಂಥಸೈಸರ್ ಸರಿಯಾಗಿ ಕೂತಿದೆ. ಗವ್ವೆನ್ನುವ ಆ ಶಬ್ದಕ್ಕೆ ಒಂದು ಕೆಲಸ ಇದೆ. ಗಿಟಾರ್ ಮಧ್ಯದಲ್ಲಿ ಬಂದು ಕೆರೆದು ಹೋಗುತ್ತದೆ.

ಹೆಸರಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಆಲ್ಬಂ ಹೆಸರು ಆರ್ಥರ್ ಕೋಸ್ಲರ್ ಪುಸ್ತಕದ್ದು. ಮುಂದಿನ ಆಲ್ಬಂ ಹೆಸರು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಹೇಳಿದ ಸಿದ್ಧಾಂತದ್ದು. ಹಿಂದಿನ ಆಲ್ಬಂನಲ್ಲಿ ಮೇಷ್ಟರು-ವಿದ್ಯಾರ್ಥಿನಿ ಹಾಡಾದ 'ಡೋಂಟ್ ಸ್ಟ್ಯಾಂಡ್ ಸೋ ಕ್ಲೋಸ್ ಟು ಮಿ'ನಲ್ಲಿ ಸ್ಟಿಂಗ್ ಪ್ರಾಸಕ್ಕೆ 'ಲೋಲಿಟಾ' ಬರೆದ ನಬೊಕೊವ್ ಹೆಸರು ತಂದು ಕೂರಿಸಿದ್ದ. ಓದಲಿ, ಓದುವುದು ಒಳ್ಳೆಯದೇ. ಆದರೆ ಓದಿದ್ದು ಹಾಡಿನಲ್ಲಿ ಕರಗಬೇಕು, ಇಲ್ಲಿ ಮೇಲೆ ತೇಲುತ್ತದೆ. ಮೇಷ್ಟರ ಕೆಲಸ ಬಿಟ್ಟರೂ ಮೇಷ್ಟರು ಒಳಗಿನಿಂದ ಹೋಗಲಿಲ್ಲ. 'ಡ ಡೂ ಡೂ ಡೂ ಡ ಡಾ ಡಾ ಡಾ' ಅಂತ ಮಕ್ಕಳ ಹಾಗೆ ಹಾಡಿ, ಅದಕ್ಕೂ ಮಾತಿನ ಮೋಸದ ಬಗ್ಗೆ ಒಂದು ಗಂಭೀರ ವಿವರಣೆ ಕೊಡುತ್ತಾನೆ. ಸುಮ್ನೆ ಡಾ ಡಾ ಅಂದುಕೊಂಡು ಇರಬಾರದಾ?

'ಸಿಂಕ್ರೊನಿಸಿಟಿ', 1983. ಅಮೆರಿಕದಲ್ಲಿ ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್' ಅನ್ನು ಕೆಳಗಿಳಿಸಿ ಒಟ್ಟು 17 ವಾರ ಒಂದನೇ ಸ್ಥಾನದಲ್ಲಿತ್ತು. ಅವರ ಅತಿ ದೊಡ್ಡ ಆಲ್ಬಂ. ಎಲ್ಲ ಪಟ್ಟಿಗಳಲ್ಲೂ ಇದನ್ನೇ ಮೇಲೆ ಇಡುತ್ತಾರೆ. ನಾನು ಇಡುವುದಿಲ್ಲ. ರೆಕಾರ್ಡ್ ಮಾಡುವಾಗ ಮೂವರೂ ಬೇರೆ ಬೇರೆ ಕೋಣೆಯಲ್ಲಿದ್ದರು. ಕೋಪ್ಲಂಡ್ ಊಟದ ಕೋಣೆಯಲ್ಲಿ, ಸಮ್ಮರ್ಸ್ ಸ್ಟುಡಿಯೋದಲ್ಲಿ, ಸ್ಟಿಂಗ್ ಕಂಟ್ರೋಲ್ ರೂಮಿನಲ್ಲಿ. ಶಬ್ದ ಚೆನ್ನಾಗಿ ಬರಲಿ ಅನ್ನುವುದೂ ಒಂದು ಕಾರಣ, ಹೊಡೆದಾಡಿಕೊಳ್ಳದಿರಲಿ ಅನ್ನುವುದು ಇನ್ನೊಂದು. ಮುಖಪುಟದಲ್ಲೂ ಅದೇ. ಹಳದಿ, ನೀಲಿ, ಕೆಂಪು ಪಟ್ಟಿ, ಒಬ್ಬೊಬ್ಬರ ಫೋಟೊ ಬೇರೆ ಬೇರೆ ತೆಗೆದದ್ದು. ಅದನ್ನು ನೋಡಿದರೇ ಗೊತ್ತಾಗುತ್ತದೆ, ಇನ್ನು ಉಳಿಯುವುದಿಲ್ಲ ಇದು ಅಂತ.

ಆಲ್ಬಂನ ಎರಡು ಬದಿಗಳು ಎರಡು ಬೇರೆ ಆಲ್ಬಂಗಳು. ಮೊದಲ ಬದಿಯಲ್ಲಿ ಡೈನೋಸಾರ್ ಬಗ್ಗೆ ಒಂದು ಹಾಡು, ಸಮ್ಮರ್ಸ್ ಕಿರುಚಿ ಹಾಡಿದ 'ಮದರ್', ಕೋಪ್ಲಂಡನ ಒಂದು ಪುಟಾಣಿ ಹಾಡು, ಇದನ್ನೆಲ್ಲ ದಾಟಿ ಬಂದರೆ 'ಸಿಂಕ್ರೊನಿಸಿಟಿ 2'. ಆ ಗಿಟಾರ್ ಗರ್ಜನೆಗೆ ಎಲ್ಲ ಮಾಫಿ. 'ಮದರ್' ಹಾಡನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ಏಳರ ತಾಳದಲ್ಲಿ ಒಬ್ಬ ನಲವತ್ತರ ಮನುಷ್ಯ ತನ್ನ ಹಾಡನ್ನೂ ಹಾಕಿ ಅಂತ ಗಲಾಟೆ ಮಾಡುತ್ತಿದ್ದಾನೆ ಅನ್ನಿಸುತ್ತದೆ, ಪಾಪ. ಎರಡನೇ ಬದಿ ಪೂರ್ತಿ ಸ್ಟಿಂಗ್. 'ಕಿಂಗ್ ಆಫ್ ಪೇನ್', 'ರ‍್ಯಾಪ್ಡ್ ಅರೌಂಡ್ ಯುವರ್ ಫಿಂಗರ್', ಎಲ್ಲ ನುಣುಪು, ಎಲ್ಲ ಸುಂದರ. ಅದನ್ನು ಅವನ ಮೊದಲ ಸೋಲೊ ಆಲ್ಬಂ ಅಂತ ಕರೆದರೆ ತಪ್ಪಿಲ್ಲ.

'ಎವ್ರಿ ಬ್ರೆತ್ ಯು ಟೇಕ್' ಬಗ್ಗೆ ಬರೆಯದೆ ಬಿಡುವ ಹಾಗಿಲ್ಲ. ಜಮೈಕಾದಲ್ಲಿ, ಜೇಮ್ಸ್ ಬಾಂಡ್ ಸೃಷ್ಟಿಸಿದ ಇಯನ್ ಫ್ಲೆಮಿಂಗ್ ಇದ್ದ ಗೋಲ್ಡನ್‌ಐ ಬಂಗಲೆಯಲ್ಲಿ ಕೂತು ಸ್ಟಿಂಗ್ ಬರೆದದ್ದು, ಮೊದಲ ಮದುವೆ ಮುರಿಯುತ್ತಿದ್ದ ಸಮಯ. ಬಿಟ್ಟುಹೋದವಳ ಮೇಲೆ ಕಣ್ಣಿಟ್ಟು ಕೂತವನ ಹಾಡು. ಜನ ಅದನ್ನು ಮದುವೆಗಳಲ್ಲಿ ಹಾಕುತ್ತಾರೆ. ಸ್ಟಿಂಗ್ ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ತಪ್ಪು ಜನರದ್ದು ಅಂತ ನನಗೆ ಅನ್ನಿಸುವುದಿಲ್ಲ, ಅಷ್ಟು ಮುದ್ದಾದ ರಾಗ ಹಾಕಿ ಇದು ಭಯಾನಕ ಅಂದರೆ ಯಾರು ನಂಬುತ್ತಾರೆ? ಈ ಹಾಡಿನ ಡ್ರಮ್ಸ್ ಹೇಗಿರಬೇಕು ಅಂತ ಸ್ಟಿಂಗ್ ಮತ್ತು ಕೋಪ್ಲಂಡ್ ತುಂಬ ಕಿತ್ತಾಡಿದರು. ಗೆದ್ದವನು ಸ್ಟಿಂಗ್. ಕೋಪ್ಲಂಡ್ ಇಡೀ ಹಾಡಿನಲ್ಲಿ ಕೈ ಕಟ್ಟಿಹಾಕಿದವನ ಹಾಗೆ ಬಾರಿಸುತ್ತಾನೆ. ಆಮೇಲೆ ಸಮ್ಮರ್ಸ್‌ಗೆ, ಹೋಗು, ನಿನಗೆ ತೋಚಿದ್ದು ನುಡಿಸು ಅಂದರು. ಅವನು ಹೋಗಿ ಒಂದೇ ಟೇಕ್‌ನಲ್ಲಿ ಆ ಗಿಟಾರ್ ನುಡಿಸಿದ ಅಂತ ಹೇಳಿಕೊಂಡಿದ್ದಾನೆ. ಆ ಗಿಟಾರ್ ತೆಗೆದು ಹಾಡನ್ನು ಊಹಿಸಿಕೊಳ್ಳಿ. ಆಗುವುದಿಲ್ಲ. 1997ರಲ್ಲಿ ರ‍್ಯಾಪರ್ ಪಫ್ ಡ್ಯಾಡಿ ತನ್ನ ಹಾಡಿಗೆ ಎತ್ತಿಕೊಂಡದ್ದೂ ಆ ಗಿಟಾರನ್ನೇ. ಆದರೆ ಹಾಡು ಬರೆದವರು ಅನ್ನುವ ಕಡೆ ಹೆಸರು ಸ್ಟಿಂಗ್ ಒಬ್ಬನದ್ದೇ, ದುಡ್ಡೂ ಆ ಹೆಸರಿನ ಹಿಂದೆಯೇ ಹೋಗುತ್ತದೆ. ರೂಲ್ಸ್ ಪ್ರಕಾರ ಸರಿ ಇರಬಹುದು. ಅಭಿಮಾನಿಯಾಗಿ ನನಗೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ಮೂವರೂ ತಮ್ಮ ತಮ್ಮ ದಾರಿ ಹಿಡಿದರು, 1986ರಲ್ಲಿ ಮತ್ತೆ ಸೇರಿ ರೆಕಾರ್ಡ್ ಮಾಡೋಣ ಅಂದುಕೊಂಡರು. ಕೋಪ್ಲಂಡ್ ಕುದುರೆಯಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ಡ್ರಮ್ಸ್ ಬಾರಿಸುವ ಹಾಗಿಲ್ಲ, ಉಳಿದದ್ದು ಯಾವ ಯಂತ್ರದಲ್ಲಿ ಡ್ರಮ್ಸ್ ಪ್ರೋಗ್ರಾಂ ಮಾಡಬೇಕು ಅನ್ನುವ ಜಗಳ. ಕೊನೆಗೆ ಹೊರಬಂದದ್ದು 'ಡೋಂಟ್ ಸ್ಟ್ಯಾಂಡ್ ಸೋ ಕ್ಲೋಸ್ ಟು ಮಿ' ಹಾಡಿನ ಒಂದು ಹೊಸ ಆವೃತ್ತಿ. ಕೇಳಬೇಡಿ. ಉಸಿರು ನಿಂತ ಹಾಡು ಅದು.

2007-08ರ ಮರುಮಿಲನದ ಪ್ರವಾಸ ದುಡ್ಡಿನ ಲೆಕ್ಕದಲ್ಲಿ ಭಾರಿ ಯಶಸ್ಸು. ವ್ಯಾಂಕೂವರ್‌ನಲ್ಲಿ ಶುರುವಾಗಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಗಿಯಿತು. ಶುರುವಿನ ಒಂದು ಕಾರ್ಯಕ್ರಮ ಹಳಿ ತಪ್ಪಿತು ಅಂತ ಕೋಪ್ಲಂಡ್ ತಾನೇ ತನ್ನ ಬ್ಯಾಂಡಿಗೆ ಕೆಟ್ಟ ವಿಮರ್ಶೆ ಬರೆದ, ಯಾವ ಪತ್ರಕರ್ತನೂ ಅಷ್ಟು ಖಾರವಾಗಿ ಬರೆದಿರಲಿಲ್ಲ. ಆ ಒಂದು ಕಾರಣಕ್ಕೇ ಆ ಮನುಷ್ಯ ನನಗೆ ಇಷ್ಟ. ಬ್ಯೂನಸ್ ಐರಿಸ್‌ನಲ್ಲಿ ಚಿತ್ರಿಸಿದ 'ಸರ್ಟಿಫಯಬಲ್' ಡಿವಿಡಿ ನೋಡಿದರೆ ಎಲ್ಲ ಅಚ್ಚುಕಟ್ಟು. ವೇಗ ಸ್ವಲ್ಪ ಕಡಿಮೆ, ಹಾಡುಗಳ ನಡುವೆ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ, ಆ ನಗು ಕ್ಯಾಮೆರಾಗೆ. ಸ್ಟಿಂಗ್ ಹಳೆಯ ಹಾಡುಗಳನ್ನು ಜಾಝ್ ಕಡೆಗೆ ಮೆತ್ತಗೆ ತಳ್ಳುತ್ತಾನೆ, ಕೋಪ್ಲಂಡ್ ಹಿಂದಿನಿಂದ ಎಳೆಯುತ್ತಾನೆ. ಆ ಎಳೆದಾಟ ಕೇಳಿಸುವ ಜಾಗಗಳಲ್ಲಿ ಮಾತ್ರ ಹಳೆ ಪೊಲೀಸ್.

ಇನ್ನು ಕೊಳ್ಳುವವರಿಗೆ. 1993ರಲ್ಲಿ ಬಂದ 'ಮೆಸೇಜ್ ಇನ್ ಎ ಬಾಕ್ಸ್' ನಾಲ್ಕು ಸಿಡಿಗಳ ಸೆಟ್. 1977ರ ಮೊದಲ ಸಿಂಗಲ್ 'ಫಾಲ್ ಔಟ್'ನಿಂದ ಹಿಡಿದು ಸ್ಟುಡಿಯೋ ಹಾಡೆಲ್ಲ ಇವೆ. ಹಳೆ ಸಿಡಿ ಮಾರುವ ಕಡೆ ಸಿಕ್ಕರೆ ತೆಗೆದುಕೊಳ್ಳಿ, ಬೇರೇನೂ ಬೇಕಿಲ್ಲ. 2018ರಲ್ಲಿ ಐದು ಆಲ್ಬಂಗಳ ವಿನೈಲ್ ಸೆಟ್ ಬಂತು, ಆ್ಯಬಿ ರೋಡ್‌ನಲ್ಲಿ ಹೊಸದಾಗಿ ಮಾಸ್ಟರ್ ಮಾಡಿದ್ದು, ಜೊತೆಗೆ ಬಿ-ಸೈಡ್ (ಸಿಂಗಲ್ ತಟ್ಟೆಯ ಹಿಂಬದಿಗೆ ಹಾಕುವ) ಹಾಡುಗಳ ಒಂದು ತಟ್ಟೆ. ಚೆನ್ನಾಗಿದೆ, ಆದರೆ ಇವರ ಬಿ-ಸೈಡ್‌ಗಳು ಬಿ-ಸೈಡ್ ಆಗಿದ್ದದ್ದಕ್ಕೆ ಕಾರಣ ಇತ್ತು. 2024ರಲ್ಲಿ 'ಸಿಂಕ್ರೊನಿಸಿಟಿ' ಒಂದಕ್ಕೇ ಆರು ಸಿಡಿಗಳ ಸೆಟ್ ಬಿಟ್ಟರು, ಡೆಮೊಗಳು, ಕೈಬಿಟ್ಟ ಟೇಕ್‌ಗಳು ಎಲ್ಲ ಸೇರಿಸಿ. ನನ್ನಂಥ ಹುಚ್ಚರಿಗೆ ಸರಿ. ಮಿಕ್ಕವರಿಗೆ ಜಾಸ್ತಿಯಾಯಿತು.

ಹೊಸಬರಿಗೆ ನಾನು ಯಾವಾಗಲೂ ಹೇಳುವುದು 1995ರ 'ಲೈವ್!' ಅನ್ನುವ ಜೋಡಿ ಡಿಸ್ಕ್. ಮೊದಲನೆಯದು 1979ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಆರ್ಫಿಯಂ ಥಿಯೇಟರಿನಲ್ಲಿ ಮಾಡಿದ್ದು. ಎರಡನೆಯದು 1983ರಲ್ಲಿ ಅಟ್ಲಾಂಟಾದ್ದು, ಮೂವರು ಹಿನ್ನೆಲೆ ಗಾಯಕಿಯರು, ಕೀಬೋರ್ಡ್, ದೊಡ್ಡ ಒಳಾಂಗಣ, ಪ್ರತಿ ಹಾಡಿಗೂ ಪಾಲಿಶ್. ಮೊದಲನೆಯದರಲ್ಲಿ ಮೂರೇ ಜನ. ಕೋಪ್ಲಂಡ್ ಓಡುತ್ತಾನೆ, ಸ್ಟಿಂಗ್ ಹಿಂದೆ ಓಡುತ್ತಾನೆ, ಗಂಟಲು ಒಡೆಯುತ್ತದೆ, ಸಮ್ಮರ್ಸ್ ಇಬ್ಬರ ಮಧ್ಯೆ ಎಕೋ ಹರಡಿ ಜಾಗ ಮಾಡುತ್ತಾನೆ. 'ದ ಬೆಡ್ಸ್ ಟೂ ಬಿಗ್' ಎಷ್ಟು ಹೊತ್ತು ಎಳೆಯುತ್ತಾರೆ ಅಂದರೆ ಮಧ್ಯದಲ್ಲಿ ಹಾಡೇ ಕಳೆದುಹೋಗುತ್ತದೆ, ಬಾಸ್ ಮತ್ತು ಹೈ-ಹ್ಯಾಟ್ ಮಾತ್ರ ಉಳಿಯುತ್ತವೆ, ಆಮೇಲೆ ಎಲ್ಲಿಂದಲೋ ಹಾಡು ವಾಪಸ್ ಬರುತ್ತದೆ. ಮೂರೂವರೆಯಲ್ಲಿ ಮೂರು ಅಂಕ ಆ ಡಿಸ್ಕಿಗೇ ಅಂದುಕೊಳ್ಳಿ. ದೊಡ್ಡ ಬಾಕ್ಸ್ ಸೆಟ್‌ಗೆ ದುಡ್ಡು ಹಾಕುವ ಮುಂಚೆ ಅದೊಂದನ್ನು ಕೇಳಿ ನೋಡಿ. ಅದೂ ಹಿಡಿಸದಿದ್ದರೆ ಈ ಬ್ಯಾಂಡ್ ನಿಮಗಲ್ಲ, ದುಡ್ಡು ಉಳಿಯಿತು.